ಮಿಡತಿ ಕಾರಿನ ಐದು ಚಳಿಗಾಲ

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಗೆ ಕಾರು ರಿಪೇರಿಗೆ ತಂದವರೆಲ್ಲ ಮೊದಲು ಒಂದು ತಪ್ಪು ಮಾಡುತ್ತಿದ್ದರು. ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದ ಹೆಂಗಸನ್ನು "ಮೇಸ್ತ್ರಿ ಎಲ್ಲಿದ್ದಾನೆ?" ಎಂದು ಕೇಳುತ್ತಿದ್ದರು. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ ಎತ್ತಿಸಿ, ಎಂಜಿನ್ ಚಾಲೂ ಮಾಡಿಸಿ, ಕೈಕಟ್ಟಿಕೊಂಡು ಒಂದು ನಿಮಿಷ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ, "ಕಾರಿಗೇನೂ ಆಗಿಲ್ಲರಿ. ನೀವು ಕ್ಲಚ್ ಮ್ಯಾಲ ಕಾಲಿಟ್ಟು ನಿದ್ದಿ ಮಾಡೂದು ಬಿಡ್ರಿ," ಎನ್ನುತ್ತಿದ್ದಳು.

ಆಕೆಯೇ ಶಿವದೇವಿ. ಗ್ಯಾರೇಜು ಆಕೆಯ ಅಪ್ಪ ಸೂಗಪ್ಪನದು. ಬೀದರ್ ಜಿಲ್ಲೆಯ ಔರಾದ್ ಕಡೆಯಿಂದ ಬಂದು, ಅರವತ್ತರ ದಶಕದಲ್ಲಿ ಹೈದರಾಬಾದಿನಲ್ಲಿ ಅಂಗಡಿ ಹಾಕಿದ ಮನುಷ್ಯ. ಗಂಡುಮಕ್ಕಳಿಬ್ಬರೂ ಕೈಗೆ ಗ್ರೀಸ್ ಹತ್ತಿಸಿಕೊಳ್ಳಲು ಒಲ್ಲೆವೆಂದಾಗ ಮಗಳು ತಾನಾಗಿಯೇ ಕಾರಿನ ಕೆಳಗೆ ನುಸುಳಿದಳಂತೆ. ಅವಳಿಗೆ ಹದಿನಾಲ್ಕು ತುಂಬಿದ ವರ್ಷ ಸೂಗಪ್ಪ ಅವಳನ್ನು ಮಳೆಗಾಲದಲ್ಲಿ ಊರಿಗೆ ಕರೆದುಕೊಂಡು ಹೋಗಿ, ಹಳೇ ಜೀಪಿನಲ್ಲಿ ಕೂರಿಸಿ, ಹೊಲದ ದಾರಿಗೆ ಬಿಟ್ಟ. ಅಲ್ಲಿಯದು ಎರೆ ಮಣ್ಣು. ಎರಡು ಮಳೆ ಬಿದ್ದರೆ ಸಾಬೂನು ಹಚ್ಚಿದ ಹಾಗೆ. "ಚಪ್ಪಲಿ ಬಿಡು. ಬ್ರೇಕ್ ಐತಿ ಅನ್ನೂದ ಮರ್ತುಬಿಡು. ಗಾಡಿ ಯಾವ ಕಡೆ ಜಾರತೈತಿ ಆ ಕಡೇನ ಸ್ಟಿಯರಿಂಗ್ ತಿರುವು," ಎಂದು ಅಪ್ಪ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡನಂತೆ. ಅಷ್ಟೇ ಪಾಠ. ಸೂಗಪ್ಪ ತೀರಿಕೊಂಡ ಮೇಲೆ ಗ್ಯಾರೇಜು ಅವಳ ಪಾಲಿಗೆ ಬಂತು. ಬೋರ್ಡಿನ ಮೇಲಿನ ಅಪ್ಪನ ಹೆಸರನ್ನು ಅವಳು ಅಳಿಸಲಿಲ್ಲ.

ನಾನು ಆ ಗಲ್ಲಿಯಲ್ಲಿ ಒಂಬತ್ತು ವರ್ಷ ಬಾಡಿಗೆಗೆ ಇದ್ದೆ. ಸ್ಕೂಟರ್ ಕೈಕೊಟ್ಟಾಗಲೆಲ್ಲ ಅಲ್ಲಿ ಹೋಗಿ ಕೂರುತ್ತಿದ್ದೆ. ಹಾಗಾಗಿ ಈ ಕತೆಯನ್ನು ಶಿವದೇವಿಯ ಬಾಯಲ್ಲಿ, ಅವಳ ಗಂಡನ ಬಾಯಲ್ಲಿ, ಕಾರಿನ ಯಜಮಾನನ ಬಾಯಲ್ಲಿ ಬೇರೆ ಬೇರೆಯಾಗಿ ಕೇಳಿದ್ದೇನೆ. ಗಂಡ ಹೇಳುವಾಗ ದಾರಿಯ ಪಕ್ಕದ ಪ್ರಪಾತ ಇನ್ನೂ ಆಳವಾಗಿರುತ್ತದೆ. ಆಕೆ ಹೇಳುವಾಗ ಪ್ರಪಾತವೇ ಇರುವುದಿಲ್ಲ. ಎರಡರ ನಡುವೆ ಎಲ್ಲೋ ನಡೆದದ್ದನ್ನು ಬರೆಯುತ್ತಿದ್ದೇನೆ.

ಗಂಡನ ಹೆಸರು ಶಾಂತಕುಮಾರ. ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಟರ್ನರ್. ಕೂದಲೆಳೆಯ ಹತ್ತನೇ ಒಂದು ಪಾಲನ್ನು ಅಳೆಯುವುದು ಅವರ ಕೆಲಸ. ಮನೆಯಲ್ಲಿ ಚಪಾತಿ ಗುಂಡಗಿಲ್ಲದಿದ್ದರೆ ಎತ್ತಿ ಬೆಳಕಿಗೆ ಹಿಡಿದು ನೋಡುವ ಮನುಷ್ಯ. ಕೈಗಡಿಯಾರವನ್ನು ದಿನಾ ಬೆಳಿಗ್ಗೆ ರೇಡಿಯೋಗೆ ಸರಿಹೊಂದಿಸುತ್ತಿದ್ದರು. ವೇಗ ಕಂಡರೆ ಹೆದರಿಕೆ. ಹೆಂಡತಿ ಕಾರು ಓಡಿಸುವಾಗ ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ನಿತಿನ ಎಂಬ ಸಾಫ್ಟ್‌ವೇರ್ ಎಂಜಿನಿಯರು ಲಾರಿಯಲ್ಲಿ ಒಂದು ಕಾರನ್ನು ಹೇರಿಕೊಂಡು ಗ್ಯಾರೇಜಿಗೆ ಬಂದ. ಅವನ ಅಪ್ಪ ಹಾಸನದ ಕಡೆಯವರು, ಕೇಂದ್ರ ಸರ್ಕಾರದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ನಿತಿನನ ಕನ್ನಡ ಮನೆಯ ಹೊಸ್ತಿಲೊಳಗಿನದು. ಹೊಸ್ತಿಲು ದಾಟಿದರೆ ತೆಲುಗು, ಹಿಂದಿ, ಸಿಟ್ಟು ಬಂದರೆ ಇಂಗ್ಲಿಷ್. ಮಣಿಕೊಂಡದ ಕಡೆ ಬಂಡೆ ಸಿಡಿಸಿ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಅಲ್ಲೇ ಅವನ ಕಂಪನಿ, ಅಲ್ಲೇ ಅವನ ಹೊಸ ಫ್ಲ್ಯಾಟು. ಜೊತೆಯವರೆಲ್ಲ ಹೊಸ ಕಾರು ಕೊಳ್ಳುತ್ತಿರುವಾಗ ಇವನಿಗೆ ಹಳೇ ಕಾರಿನ ಹುಚ್ಚು. ಯಾವುದೋ ಹಳೇ ಬಂಗಲೆಯ ಶೆಡ್ಡಿನಲ್ಲಿ ಇದು ಸಿಕ್ಕಿತ್ತು: ಎರಡೇ ಸೀಟಿನ, ಸೊಂಟದೆತ್ತರದ, ಬಟ್ಟೆಯ ಮಾಡಿನ ವಿಲಾಯಿತಿ ಸ್ಪೋರ್ಟ್ಸ್ ಕಾರು. ಮೂತಿಯ ಮೇಲಿದ್ದ ಕಂಪನಿಯ ಬಿಲ್ಲೆಯನ್ನು ಯಾರೋ ಎಂದೋ ಕಿತ್ತುಕೊಂಡು ಹೋಗಿದ್ದರು. ಧೂಳು ಒರೆಸಿದರೆ ಕೆಳಗೆ ಹಸಿರು ಬಣ್ಣ. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಮೊಟ್ಟೆಯಿಟ್ಟಿತ್ತು.

"ಅಕ್ಕಾ, ಇದನ್ನ ಸರಿ ಮಾಡೋಕಾಗುತ್ತಾ?" ಎಂದ ನಿತಿನ.

ಶಿವದೇವಿ ಸುತ್ತ ಒಂದು ಪ್ರದಕ್ಷಿಣೆ ಬಂದಳು. "ಮೊದಲ ಆ ಕೋಳಿ ಯಾರದು ಕೇಳಿಕೊಂಡು ಬರ್ರಿ. ಆಮ್ಯಾಲ ನೋಡೂಣು."

ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆ ಬಂಡೆಮ್ಮ ಮೂಗಿನ ಮೇಲೆ ಬೆರಳಿಟ್ಟರು. "ಇದೇನವಾ ಇದು, ಮಿಡತಿ ಕುಂತಂಗ ಕುಂತೈತಿ!" ಅಂದಿನಿಂದ ಕಾರಿಗೆ ಅದೇ ಹೆಸರಾಯಿತು.

ಮಿಡತಿಯನ್ನು ಸರಿಮಾಡಲು ಹತ್ತು ತಿಂಗಳು ಹಿಡಿಯಿತು. ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಗ್ಯಾರೇಜಿನ ಹಿಂದೆ ಲೋಹ ಕಡೆಯುವ, ಸೂಗಪ್ಪನ ಕಾಲದ ಲೇತು ಇತ್ತು. ಶಾಂತಕುಮಾರರು ಭಾನುವಾರ ಅದರ ಮುಂದೆ ಕೂತು ಒಂದೊಂದನ್ನೇ ಕಡೆದು ಕೊಟ್ಟರು. ಕೊನೆಗೆ ಎಂಜಿನ್ ಗುರ್ ಎಂದ ದಿನ ಇಡೀ ಗಲ್ಲಿ ಹೊರಗೆ ಬಂತು. ಶಿವದೇವಿ ಕಾಚಿಗೂಡ ಚೌರಸ್ತಾದ ತನಕ ಒಂದು ಸುತ್ತು ಹಾಕಿ ಬಂದಳು. ಅವಳ ಮುಖ ನೋಡಿ ಬಂಡೆಮ್ಮ, "ಮದವ್ಯಾಗೂ ಹಿಂಗ ನಕ್ಕಿರಲಿಲ್ಲ ಇಕಿ," ಎಂದರಂತೆ.

ಆದರೆ ಮಿಡತಿಗೆ ಹೈದರಾಬಾದು ಒಗ್ಗಲಿಲ್ಲ. ಕಾಚಿಗೂಡದಿಂದ ಮಣಿಕೊಂಡಕ್ಕೆ ಹೋಗುವಷ್ಟರಲ್ಲಿ ಮೂರು ಸಲ ಕುದಿಯುತ್ತಿತ್ತು. ಮೆಹದಿಪಟ್ಟಣದ ಚಹಾ ಹೋಟೆಲಿನವನು ದೂರದಲ್ಲಿ ಹಸಿರು ಕಂಡ ಕೂಡಲೇ ಬಕೆಟ್ ತುಂಬಿಸಿ ಇಡುತ್ತಿದ್ದ. ಒಂದು ದಿನ ನಿತಿನನ ಆಫೀಸಿನ ಗೇಟಿನಲ್ಲಿ ಎಷ್ಟು ಹಬೆ ಎದ್ದಿತೆಂದರೆ ಕಾವಲುಗಾರ ಬೆಂಕಿಯ ಗಂಟೆ ಬಾರಿಸಿ, ನಾಲ್ಕು ಮಹಡಿಯ ಎಂಜಿನಿಯರುಗಳೆಲ್ಲ ಮೆಟ್ಟಿಲಿಳಿದು ಬಂದು ಬಿಸಿಲಲ್ಲಿ ಸಾಲಾಗಿ ನಿಂತರು. ನಿತಿನ ತಲೆ ತಗ್ಗಿಸಿಕೊಂಡು ಗ್ಯಾರೇಜಿಗೆ ಬಂದ. ಶಿವದೇವಿ ರೇಡಿಯೇಟರ್ ಬದಲಿಸಿದಳು, ಫ್ಯಾನ್ ಬದಲಿಸಿದಳು, ಏನೇನೋ ಮಾಡಿದಳು. ಕೊನೆಗೆ ಕೈ ಒರೆಸಿಕೊಂಡು ಹೇಳಿದಳು:

"ನಿತಿನಣ್ಣಾ, ಇದು ಥಂಡಿ ದೇಶದ ಜೀವ. ಇಲ್ಲಿ ಬಿಸಲಾಗ ಇದನ್ನ ಓಡಸೂದಂದ್ರ ಕರಡಿಗಿ ಕೌದಿ ಹೊಚ್ಚಿದಂಗ. ಬರ್ಫ್ ಬೀಳೂ ಊರಿಗಿ ಒಯ್ರಿ, ಹ್ಯಾಂಗ ಓಡತೈತಿ ನೋಡ್ರಿ."

ಅವಳು ತಮಾಷೆಗೆ ಹೇಳಿದ್ದು. ನಿತಿನ ಹಾಗೆ ತಿಳಿಯಲಿಲ್ಲ. ಎರಡು ವಾರದ ನಂತರ ಒಂದು ಕಾಗದ ಹಿಡಿದು ಓಡಿಬಂದ. ಹಳೇ ಕಾರುಗಳ ಹುಚ್ಚಿರುವ ಹದಿನೈದಿಪ್ಪತ್ತು ಜನ ಸೇರಿ ಪ್ರತಿ ಜನವರಿಯಲ್ಲಿ ಶಿಮ್ಲಾದ ಮೇಲಿನ ಗುಡ್ಡಗಳಲ್ಲಿ ಮೂರು ದಿನದ ಓಟ ನಡೆಸುತ್ತಾರೆ, ಹಿಮದ ದಾರಿಯಲ್ಲಿ. ಜೋರಾಗಿ ಓಡಿಸಿದವರು ಗೆಲ್ಲುವ ಓಟ ಅಲ್ಲ. ದಾರಿಯಲ್ಲಿ ಸಮಯ ಬರೆದುಕೊಳ್ಳುವ ಪ್ರತಿ ಠಾಣೆಗೂ ಗೊತ್ತುಮಾಡಿದ ನಿಮಿಷಕ್ಕೆ ಸರಿಯಾಗಿ ಮುಟ್ಟಬೇಕು. ಬೇಗ ಹೋದರೂ ತಪ್ಪು, ತಡವಾದರೂ ತಪ್ಪು. ಗೆದ್ದವರಿಗೆ ದೊಡ್ಡದೊಂದು ಬಹುಮಾನದ ಕಪ್ಪು.

"ನಾನು ಓಡಿಸ್ತೀನಿ ಅಕ್ಕಾ. ನೀವು ಮೆಕ್ಯಾನಿಕ್ ಅಂತ ಪಕ್ಕದಲ್ಲಿ ಕೂತ್ಕೊಳ್ಳಿ. ಹೆಸರು ಕೊಟ್ಟಾಯ್ತು."

ಶಿವದೇವಿಗೆ ಆಗ ನಲವತ್ತೆರಡು. ಅವಳು ಅಲ್ಲಿಯವರೆಗೆ ಕಂಡ ಅತಿ ದೊಡ್ಡ ಮಂಜುಗಡ್ಡೆ ಎಂದರೆ ಮೀನಿನ ಲಾರಿಯದು. ಶಾಂತಕುಮಾರರು ಬೇಡವೆಂದರು. ಬಂಡೆಮ್ಮ ಮಾತ್ರ, "ಹೋಗಿ ಬರ್ಲಿ ಬಿಡೋ. ಇಲ್ಲಿ ಕುಂತು ಮಾಡೂದೇನೈತಿ?" ಎಂದು ಎರಡು ಚೀಲ ಜೋಳದ ಹಿಟ್ಟು ಕಟ್ಟಿಸಿದರು. ಸುಲ್ತಾನ್ ಬಜಾರಿಗೆ ಹೋಗಿ ಕಣ್ಣಷ್ಟೇ ಕಾಣುವ ಉಣ್ಣೆಯ ಟೋಪಿ, ಆರು ಜೊತೆ ಕಾಲುಚೀಲ ತಂದಿದ್ದಾಯಿತು. ಸೀರೆಯ ಮೇಲೆ ಗಂಡನ ಖಾಕಿ ಕೋಟು. ಆ ವೇಷದಲ್ಲಿ ಅವಳು ರೈಲು ಹತ್ತಿದಳು. ಮಿಡತಿ ಮುಂಚಿತವಾಗಿಯೇ ಲಾರಿಯಲ್ಲಿ ಹೊರಟಿತ್ತು.

ಎರಡು ಸಾವಿರದ ಮೂರರ ಜನವರಿ. ಶಿಮ್ಲಾದಲ್ಲಿ ಹದಿನೇಳು ಕಾರು ಸಾಲಾಗಿ ನಿಂತಿದ್ದವು. ದಿಲ್ಲಿ, ಚಂಡೀಗಢದ ಕಡೆಯ ಯಜಮಾನರು ಚರ್ಮದ ಗ್ಲೌಸು, ಚರ್ಮದ ಟೋಪಿ ಹಾಕಿಕೊಂಡು ಬಿಸಿ ಕಾಫಿ ಕುಡಿಯುತ್ತಿದ್ದರು. ಬೆಳಿಗ್ಗೆ ಅರ್ಧ ಕಾರುಗಳು ಚಾಲೂ ಆಗಲಿಲ್ಲ. ಮಿಡತಿ ಮಾತ್ರ ಬೀಗದ ಕೈ ತಿರುವಿದ ಕೂಡಲೇ ಎದ್ದಿತು. ಅದರ ಹಿಂದೆ ಥಂಡಿ ಗಾಳಿಯ ಮಹಿಮೆ ಅರ್ಧ, ಶಿವದೇವಿಯ ಕೈ ಅರ್ಧ. ಹಿಂದಿನ ಸಂಜೆ, ರಾತ್ರಿ ಹೆಪ್ಪುಗಟ್ಟದ ಹಾಗೆ ರೇಡಿಯೇಟರಿನ ನೀರು ಪೂರ್ತಿ ಇಳಿಸಿ, ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಿಂದ ಬಿಸಿನೀರು ತಂದು ಹೊಯ್ದಿದ್ದಳು.

ನಿತಿನ ಸ್ಟಿಯರಿಂಗ್ ಹಿಡಿದ. ಹನ್ನೊಂದು ಕಿಲೋಮೀಟರು ಚೆನ್ನಾಗಿಯೇ ಹೋದ. ಹನ್ನೆರಡನೆಯದರಲ್ಲಿ ದೇವದಾರು ಮರಗಳ ನೆರಳಿನಲ್ಲಿ ಒಂದು ತಿರುವು ಬಂತು. ಬಿಸಿಲೇ ಕಾಣದ ಜಾಗ, ಕೆಳಗೆಲ್ಲ ಗಟ್ಟಿ ಹಿಮ. ನಿತಿನ ಹೆದರಿ ಬ್ರೇಕಿನ ಮೇಲೆ ನಿಂತುಬಿಟ್ಟ. ಮಿಡತಿ ಬುಗುರಿಯ ಹಾಗೆ ಒಂದು ಪೂರ್ತಿ ಸುತ್ತು ತಿರುಗಿ, ಇನ್ನೂ ಅರ್ಧ ಸುತ್ತು ತಿರುಗಿ, ಗುಡ್ಡದ ಕಡೆಯ ಹಿಮದ ರಾಶಿಯಲ್ಲಿ ಹಿಂಭಾಗ ಹುಗಿದುಕೊಂಡು ಕೂತಿತು. ಇನ್ನೊಂದು ಬದಿಯಲ್ಲಿ ರಸ್ತೆಗೆ ಗೋಡೆಯೂ ಇರಲಿಲ್ಲ, ಮರವೂ ಇರಲಿಲ್ಲ.

ನಿತಿನ ಇಳಿದ. ಬೀಗದ ಕೈಯನ್ನು ಅವಳ ಕೈಗಿಟ್ಟು, "ಅಕ್ಕಾ, ನೀವೇ ಓಡಿಸಿ. ನಾನು ನಡ್ಕೊಂಡು ಬರ್ತೀನಿ," ಎಂದ.

ಶಿವದೇವಿ ಕೆಳಗಿಳಿದು ಹಿಮವನ್ನು ಕಾಲಿನಿಂದ ಉಜ್ಜಿ ನೋಡಿದಳು. ಬಗ್ಗಿ ಬೆರಳಲ್ಲಿ ಒತ್ತಿದಳು. ನಾಲ್ಕು ಹೆಜ್ಜೆ ಹೋಗಿ ಬೇಕೆಂದೇ ಜಾರಿದಳು. ಅವಳ ಮುಖ ಅರಳಿತು.

"ಅಯ್ಯ, ಇದು ನಮ್ಮ ಎರಿ ಮಣ್ಣ ಐತಲ್ಲ! ಬಿಳೇದೈತಿ, ಅಷ್ಟ."

ಅವಳು ಬೂಟು ಬಿಚ್ಚಿ ಎಸೆದಳು. ಪೆಡಲಿನ ಮೇಲೆ ಕಾಲುಚೀಲದ ಪಾದ ಇಟ್ಟಳು. ಡಿಕ್ಕಿ ಹಗುರವಾಗಿದ್ದರಿಂದ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತಿತ್ತು. ಹಿಂದೆ ಸಾಮಾನು ಹೇರಿಕೊಂಡು ಬರುತ್ತಿದ್ದ ಬಾಡಿಗೆ ಜೀಪಿನಲ್ಲಿದ್ದ ಜೋಳದ ಹಿಟ್ಟಿನ ಎರಡೂ ಚೀಲವನ್ನು ತರಿಸಿ ಚಕ್ರದ ಮೇಲೆಯೇ ಬರುವ ಹಾಗೆ ಡಿಕ್ಕಿಯಲ್ಲಿ ಇರಿಸಿದಳು. ಎರಡನೇ ಗೇರಿನಲ್ಲಿ, ಮಲಗಿದ ಮಗುವನ್ನು ಎಬ್ಬಿಸದ ಹಾಗೆ ಕ್ಲಚ್ ಬಿಟ್ಟಳು. ಮಿಡತಿ ಮೆಲ್ಲಗೆ ಹಿಮದಿಂದ ಎದ್ದು ಬಂತು. ನಿತಿನನನ್ನು ನಡೆಯಲು ಬಿಡದೆ ಪಕ್ಕದಲ್ಲಿ ಕೂರಿಸಿಕೊಂಡಳು. ಪ್ರತಿ ತಿರುವಿನಲ್ಲೂ ಕಾರಿನ ಹಿಂಭಾಗ ಸ್ವಲ್ಪ ಜಾರಿ, ಅವಳು ಆ ಕಡೆಗೇ ಸ್ಟಿಯರಿಂಗ್ ತಿರುವಿ, ಅದು ನೆಟ್ಟಗಾಗಿ, ಮುಂದಿನ ತಿರುವು ಬರುವಷ್ಟರಲ್ಲಿ ಅವಳು ಹಾಡು ಗುನುಗಲು ಶುರುಮಾಡಿದ್ದಳು ಎಂದು ನಿತಿನ ಹೇಳುತ್ತಾನೆ. ಅವಳು ಒಪ್ಪುವುದಿಲ್ಲ. "ಹಾಡಾಕತ್ತಿರಲಿಲ್ಲರಿ, ಹಲ್ಲು ಕಡಕಡ ಅನ್ನಾಕತ್ತಿದ್ವು."

ಆ ವರ್ಷ ಐದು ಕಾರು ದಾರಿಯಲ್ಲೇ ಉಳಿದವು. ಮಿಡತಿ ಕೊನೆಯದಾಗಿ ಬಂತು, ಆದರೆ ಮುಟ್ಟಿತು. ಒಂದೇ ತೊಂದರೆ. ದಿನಾ ಸಂಜೆ ಅವಳು ಆ ಚೀಲದಿಂದಲೇ ರೊಟ್ಟಿ ತಟ್ಟುತ್ತಿದ್ದಳು. ಉಳಿದ ತಂಡದವರಿಗೂ ರುಚಿ ಹತ್ತಿ ಪಾಲು ಕೇಳತೊಡಗಿದರು. ಚಂಡೀಗಢದ ಒಬ್ಬ ಸರದಾರ್ಜಿ ಒಮ್ಮೆಗೆ ಏಳು ರೊಟ್ಟಿ ತಿಂದ. ಮೂರನೇ ದಿನ ಅವಳು ಚೀಲ ಬಿಗಿಯಾಗಿ ಕಟ್ಟಿ, "ಇನ್ನ ಯಾರೂ ಉಣಬ್ಯಾಡ್ರಿ. ನೀವು ಉಂಡಷ್ಟೂ ನನ್ನ ಕಾರು ಜಾರತೈತಿ," ಎಂದು ಘೋಷಿಸಿದಳು.

ಮರುವರ್ಷ ಮರಳಿನ ಚೀಲ ಬೇರೆ, ಹಿಟ್ಟಿನ ಚೀಲ ಬೇರೆ ಎಂದು ನಿಶ್ಚಯವಾಯಿತು. ನಿತಿನ ಪಕ್ಕದ ಸೀಟಿಗೂ ರಾಜೀನಾಮೆ ಕೊಟ್ಟು, ಹಿಂದಿನಿಂದ ಬಾಡಿಗೆ ಜೀಪಿನಲ್ಲಿ ಚಹಾ ಫ್ಲಾಸ್ಕು ಹಿಡಿದು ಬರುವ ಯಜಮಾನನಾದ. ಆಗ ಪಕ್ಕದಲ್ಲಿ ಕೂತು ಸಮಯ ನೋಡುವವರು ಯಾರು? ಬಂಡೆಮ್ಮ ಮಗನ ಕಡೆ ನೋಡಿದರು. "ದಿನಾ ರೇಡಿಯೋ ಮುಂದ ಗಡಿಯಾರ ಹಿಡ್ಕೊಂಡು ಕುಂದ್ರತಿ. ಹೋಗಿ ಅಲ್ಲಿ ಕುಂದ್ರು."

ಶಾಂತಕುಮಾರರು ಹೋದರು. ಮೊದಲ ತಿರುವಿನಲ್ಲಿ ಶಿವನ ಹೆಸರು ಹೇಳಿದರು, ಎರಡನೆಯದರಲ್ಲಿ ಹೆಂಡತಿಯ ಹೆಸರು. ಮೂರನೇ ತಿರುವಿನ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಕಣ್ಣನ್ನು ರಸ್ತೆಯಿಂದ ಕಿತ್ತು ಗಡಿಯಾರದ ಮೇಲೆ ನೆಟ್ಟರೆ ಹೆದರಿಕೆ ಆಗುವುದಿಲ್ಲ ಎಂಬುದು ಅವರಿಗೆ ಗೊತ್ತಾಯಿತು. ಆಮೇಲೆ ಅವರು ತಲೆ ಎತ್ತಲೇ ಇಲ್ಲ. "ಹದಿನಾಲ್ಕು ಸೆಕೆಂಡ್ ಮುಂದ ಇದ್ದೀವಿ. ಸಾವಕಾಶ. ಒಂಬತ್ತು. ನಾಕು. ಈಗ ಬರೋಬ್ಬರಿ," ಎಂದು ಹೇಳುತ್ತ ಹೋದರು. ಕಾರ್ಖಾನೆಯಲ್ಲಿ ಕೂದಲೆಳೆ ಅಳೆಯುತ್ತಿದ್ದ ಮನುಷ್ಯನಿಗೆ ಇದು ಹೇಳಿಮಾಡಿಸಿದ ಕೆಲಸ. ಆ ವರ್ಷ ನಾಲ್ಕನೆಯವರಾಗಿ ಬಂದರು. ಹೈದರಾಬಾದಿಗೆ ಮರಳಿದ ಮೇಲೆ ಹೆಂಡತಿಗಿಂತ ಗಂಡನಿಗೇ ಹುಚ್ಚು ಹೆಚ್ಚಾಯಿತು. ಜೂನ್ ತಿಂಗಳ ಬಿಸಿಲಿನಲ್ಲಿ ಶಿಮ್ಲಾದ ನಕ್ಷೆ ಹರಡಿಕೊಂಡು ಪೆನ್ಸಿಲ್ ಚೂಪು ಮಾಡುತ್ತ ಕೂತಿರುತ್ತಿದ್ದರು. "ಮುಂದಿನ ವರ್ಷ ಕಪ್ಪು ನಮ್ಮದ ನೋಡ್ರಿ," ಎಂದು ನನಗೂ ಹೇಳಿದ್ದರು.

ಮುಂದಿನ ವರ್ಷ, ಅಂದರೆ ಎರಡು ಸಾವಿರದ ಐದರಲ್ಲಿ, ಕಪ್ಪು ನಿಜವಾಗಿಯೂ ಅವರದೇ ಆಗುವುದರಲ್ಲಿತ್ತು. ಎರಡು ದಿನ ಮುಗಿದಾಗ ಮಿಡತಿ ಎಲ್ಲರಿಗಿಂತ ಮುಂದಿತ್ತು. ಮೂರನೇ ದಿನ ಬೆಳಿಗ್ಗೆ ನಾರ್ಕಂಡಾದ ಕಡೆಗೆ ಏರುವ ಕಿರಿದಾದ ದಾರಿಯಲ್ಲಿ ಒಂದು ಬಸ್ಸು ಅಡ್ಡ ನಿಂತಿತ್ತು. ಹಿಮದಲ್ಲಿ ಹಿಂದಿನ ಚಕ್ರ ಹುಗಿದು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಬಸ್ಸಿನ ಸುತ್ತ ನಲವತ್ತು ಜನ, ಅವರ ನಡುವೆ ನಾಲ್ಕು ಜನ ಡೋಲು ಹೊತ್ತವರು, ಇಬ್ಬರು ಉದ್ದನೆಯ ಕಹಳೆ ಹಿಡಿದವರು. ಬಸ್ಸಿನ ಮೆಟ್ಟಿಲ ಮೇಲೆ ಮುಖಕ್ಕೆ ಹೂವಿನ ತೆರೆ ಕಟ್ಟಿಕೊಂಡು, ತಲೆಯ ಮೇಲೆ ತುರಾಯಿಯ ಪೇಟ ಇಟ್ಟುಕೊಂಡು ಒಬ್ಬ ಮದುಮಗ ಕೂತಿದ್ದ.

ಹೆಣ್ಣಿನ ಊರು ಒಂಬತ್ತು ಕಿಲೋಮೀಟರು ಮೇಲೆ, ದೊಡ್ಡ ದಾರಿ ಬಿಟ್ಟು ಪಕ್ಕದ ಗುಡ್ಡದಲ್ಲಿ. ಮುಹೂರ್ತಕ್ಕೆ ಉಳಿದದ್ದು ಐವತ್ತು ನಿಮಿಷ. ನಡೆದು ಹೋದರೆ ಮೂರು ಗಂಟೆ. ಇದನ್ನೆಲ್ಲ ಮದುಮಗನ ಸೋದರಮಾವ ಕಾರಿನ ಕಿಟಕಿಯ ಹತ್ತಿರ ಬಂದು ಕೈಮುಗಿದು ಹೇಳಿದ. ಬಸ್ಸಿನ ಮತ್ತು ಗುಡ್ಡದ ನಡುವೆ ಉಳಿದ ಸಂದಿಯಲ್ಲಿ ಜೀಪೂ ತೂರುವುದಿಲ್ಲ, ಆದರೆ ಈ ಚಿಕ್ಕ ಕಾರು ತೂರಬಹುದು ಎಂಬುದನ್ನು ಅವನು ಆಗಲೇ ಮೊಳ ಹಾಕಿ ನೋಡಿದ್ದ.

ಶಾಂತಕುಮಾರರು ಗಡಿಯಾರದಿಂದ ತಲೆ ಎತ್ತಿದರು. "ನಾವು ಎರಡು ಸೆಕೆಂಡ್ ಹಿಂದ ಇದ್ದೀವಿ," ಎಂದರು. ಮೆಲ್ಲಗೆ.

"ಹೌದರಿ," ಎಂದಳು ಶಿವದೇವಿ.

"ದಾರಿ ಬಿಟ್ಟು ಹೋದ್ರ ಓಟದಿಂದ ಹೊರಗ ಹಾಕ್ತಾರ."

"ಹೌದರಿ."

"ಕಪ್ಪು ನಮ್ಮದಾಗೂದೈತಿ, ದೇವೀ."

ಶಿವದೇವಿ ಮದುಮಗನ ಕಡೆ ನೋಡಿದಳು. ಆ ಹುಡುಗ ಹೂವಿನ ತೆರೆಯನ್ನು ಸ್ವಲ್ಪ ಸರಿಸಿ ಕಾರನ್ನು ನೋಡುತ್ತಿದ್ದ. ಅವನ ಮೂಗು ಚಳಿಗೆ ಕೆಂಪಾಗಿತ್ತು. "ನಮ್ಮ ಲಗ್ನದ ದಿವಸ ನಿಮ್ಮ ದಿಬ್ಬಣ ಎಷ್ಟೊತ್ತು ತಡಾ ಆಗಿತ್ತು, ನೆನಪೈತೇನು?" ಎಂದು ಗಂಡನನ್ನು ಕೇಳಿದಳು. "ನಾಕು ತಾಸು. ನಾ ಮಂಟಪದಾಗ ಕುಂತು ಎಷ್ಟು ಸಲ ಅತ್ತೀನಿ, ನಿಮಗೇನು ಗೊತ್ತು. ಇಳೀರಿ."

ಎರಡು ಸೀಟಿನ ಕಾರು. ಶಾಂತಕುಮಾರರು ಇಳಿಯಲೇಬೇಕಾಯಿತು. ಗಡಿಯಾರ, ನಕ್ಷೆ, ಪೆನ್ಸಿಲ್ ಎಲ್ಲ ಎದೆಗೆ ಅವಚಿಕೊಂಡು ಹಿಮದಲ್ಲಿ ನಿಂತರು. ಮದುಮಗ ಅವರ ಜಾಗದಲ್ಲಿ ಕೂತ. ಪೇಟದ ತುರಾಯಿ ಮಾಡಿಗೆ ತಾಗಿದ್ದರಿಂದ ಬಟ್ಟೆಯ ಮಾಡನ್ನು ಮಡಚಬೇಕಾಯಿತು. "ಡರೋ ನಕ್ಕೋ ಮಿಯಾ," ಎಂದು ಶಿವದೇವಿ ಅಪ್ಪಟ ಹೈದರಾಬಾದಿ ದಖನಿಯಲ್ಲಿ ಧೈರ್ಯ ಹೇಳಿ ಕಾರನ್ನು ಸಂದಿಗೆ ಬಿಟ್ಟಳು. ಎರಡೂ ಬದಿ ಒಂದೊಂದು ಬೆರಳಿನಷ್ಟು ಜಾಗ. ಮಿಡತಿ ಆಚೆ ಹೊರಬಿದ್ದಾಗ ಕಹಳೆಯವರು ತಾವಾಗಿಯೇ ಊದಿಬಿಟ್ಟರು.

ಪಕ್ಕದ ದಾರಿಯಲ್ಲಿ ಬೆಳಿಗ್ಗೆಯಿಂದ ಯಾವ ಗಾಡಿಯೂ ಹೋಗಿರಲಿಲ್ಲ. ಹೊಸ ಹಿಮ, ಪಾದ ಮುಳುಗುವಷ್ಟು. ಕಾರಿನ ಮೂತಿ ನೇಗಿಲಿನ ಹಾಗೆ ಅದನ್ನು ಸೀಳುತ್ತ ಹೋಯಿತು. ಮೂರು ಕಡೆ ಏರಲಾಗದೆ ಹಿಂದೆ ಜಾರಿತು. ಒಂದು ಕಡೆ ಅವಳು ಇಳಿದು ತೆಂಗಿನ ನಾರಿನ ಹಗ್ಗವನ್ನು ಹಿಂದಿನ ಚಕ್ರಗಳಿಗೆ ಸುತ್ತಿ ಕಟ್ಟಿದಳು. ಇನ್ನೊಂದು ಕಡೆ ಮದುಮಗನನ್ನೇ ಡಿಕ್ಕಿಯ ಮೇಲೆ ಕೂರಿಸಿ ಭಾರ ಹೆಚ್ಚಿಸಿದಳು. ಅವನು ಒಂದು ಕೈಯಲ್ಲಿ ಪೇಟ, ಇನ್ನೊಂದು ಕೈಯಲ್ಲಿ ಮಾಡಿನ ಕಂಬಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದ. ಸಪಾಟು ಬಂದ ಮೇಲೆ ಮತ್ತೆ ಒಳಗೆ ಬಂದು, ಉಸಿರು ಸರಿಮಾಡಿಕೊಂಡು, ಹಿಂದಿಯಲ್ಲಿ ಕೇಳಿದ: "ಆಂಟೀ, ಹೀಗೆ ಓಡಿಸೋದು ಎಲ್ಲಿ ಕಲಿತಿರಿ?"

"ಔರಾದ್," ಎಂದಳು ಶಿವದೇವಿ.

"ಅದು ಯಾವ ದೇಶ? ಅಲ್ಲಿ ತುಂಬಾ ಹಿಮ ಬೀಳುತ್ತಾ?"

ಶಿವದೇವಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಕಾರು ಇನ್ನೊಮ್ಮೆ ಜಾರಿತು.

ಮುಹೂರ್ತಕ್ಕೆ ಆರು ನಿಮಿಷ ಇರುವಾಗ ಮಿಡತಿ ಹೆಣ್ಣಿನ ಮನೆಯ ಅಂಗಳ ಮುಟ್ಟಿತು. ದಿಬ್ಬಣ ಕಾಯುತ್ತಿದ್ದವರಿಗೆ ಕಂಡದ್ದು ಒಂದು ಹಸಿರು ಡಬ್ಬಿ, ಅದರೊಳಗೆ ಹಿಮ ಮೆತ್ತಿದ ಮದುಮಗ, ಕಾಲುಚೀಲದಲ್ಲಿ ಇಳಿದುಬಂದ ಖಾಕಿ ಕೋಟಿನ ಹೆಂಗಸು. ಗಂಡಿನ ಕಡೆಯವರು ಬೇರೆ ಯಾರೂ ಇಲ್ಲ. ಪುರೋಹಿತ ಒಂದು ಕ್ಷಣ ಯೋಚಿಸಿ, ಆಕೆಯನ್ನೇ ಗಂಡಿನ ತಾಯಿಯ ಜಾಗದಲ್ಲಿ ಕೂರಿಸಿದ. ಔರಾದ್ ಸೂಗಪ್ಪನ ಮಗಳು ಹಿಮಾಚಲದ ಒಂದು ಹಳ್ಳಿಯಲ್ಲಿ, ಭಾಷೆ ಪೂರ್ತಿ ಗೊತ್ತಾಗದೆ, ತೋರಿಸಿದಲ್ಲೆಲ್ಲ ಅಕ್ಕಿ ಎಸೆದು ಮದುವೆ ಮಾಡಿಸಿದಳು.

ಶಾಂತಕುಮಾರರು ದಿಬ್ಬಣದ ಜೊತೆ ನಡೆದುಕೊಂಡು ಮೂರು ಗಂಟೆ ತಡವಾಗಿ ಬಂದರು. ದಾರಿಯಲ್ಲಿ ಡೋಲಿನವರು ಅವರನ್ನು ಕುಣಿಸಿದ್ದರು. ಕುಣಿಯುವಾಗ ಪೆನ್ಸಿಲ್ ಕಳೆದಿತ್ತು. ಕೊರಳಲ್ಲಿ ಯಾರೋ ಹಾಕಿದ ಮಾಲೆ ಇತ್ತು, ಮುಖ ಮಾತ್ರ ಬಿಗಿದುಕೊಂಡಿತ್ತು. ಊಟಕ್ಕೆ ಕೂತಾಗ ನೆಂಟರಲ್ಲಿ ಒಬ್ಬ ಅಜ್ಜ ಅವರ ಪಕ್ಕದಲ್ಲಿ ಕೂತು, ಹೊತ್ತು ಎಷ್ಟಾಯಿತೆಂದು ಕೇಳಿದ. ಶಾಂತಕುಮಾರರು ಗಡಿಯಾರ ನೋಡಿ ಸೆಕೆಂಡಿನ ಸಮೇತ ಹೇಳಿದರು. ಅಜ್ಜ ಬೆರಗಾಗಿ ಸುತ್ತಲಿನವರಿಗೆಲ್ಲ ಅದನ್ನು ಹೇಳಿದ. ಆಮೇಲೆ ಊಟ ಮುಗಿಯುವ ತನಕ ಒಬ್ಬರಾದ ಮೇಲೊಬ್ಬರು ಬಂದು ಹೊತ್ತು ಕೇಳಿಕೊಂಡು ಹೋದರು. ಐದನೆಯವನಿಗೆ ಉತ್ತರ ಕೊಡುವಾಗ ಅವರಿಗೇ ನಗು ಬಂತು. ಹೆಂಡತಿಯ ತಟ್ಟೆಯಿಂದ ಒಂದು ಸಿಹಿ ಎತ್ತಿಕೊಂಡು, "ಮುಂದಿನ ವರ್ಷ ಯಾರ ಲಗ್ನಾನೂ ಇಲ್ಲದ ದಾರಿ ಹುಡುಕೂಣು," ಎಂದರು.

ಓಟದವರು ನಿಯಮದಂತೆ ಮಿಡತಿಯನ್ನು ಪಟ್ಟಿಯಿಂದ ತೆಗೆದುಹಾಕಿದರು. ಬಸ್ಸನ್ನು ಎಳೆದು ದಾರಿ ಬಿಡಿಸಿದ ಮೇಲೆ ಉಳಿದವರ ಓಟ ಮುಂದುವರಿದು, ಏಳು ರೊಟ್ಟಿ ತಿಂದಿದ್ದ ಸರದಾರ್ಜಿ ಕಪ್ಪು ಗೆದ್ದ. ಅದರಲ್ಲಿ ಚಹಾ ತುಂಬಿಸಿ ಮೊದಲ ಗುಟುಕನ್ನು ಶಿವದೇವಿಗೇ ಕುಡಿಸಿದ.

ಯಾರ ಮದುವೆಯೂ ಅಡ್ಡ ಬರದ ನಾಲ್ಕನೇ ಚಳಿಗಾಲದಲ್ಲಿ ಅವರು ಎರಡನೆಯವರಾಗಿ ಬಂದರು, ಹನ್ನೊಂದು ಸೆಕೆಂಡಿನ ಅಂತರದಲ್ಲಿ. ಆ ಹನ್ನೊಂದು ಸೆಕೆಂಡು ಎಲ್ಲಿ ಹೋಯಿತು ಎಂದು ಶಾಂತಕುಮಾರರು ಇಂದಿಗೂ ಹುಡುಕುತ್ತಿದ್ದಾರೆ.

ಐದನೇ ಚಳಿಗಾಲ ಎರಡು ಸಾವಿರದ ಏಳರದು. ಆ ವರ್ಷ ಹಿಮವೇ ಬೀಳಲಿಲ್ಲ. ಮೂರೂ ದಿನ ಸಣ್ಣ ಮಳೆ, ಕೆಸರು. ಕಾರುಗಳೆಲ್ಲ ಎಮ್ಮೆಗಳ ಹಾಗೆ ಬಂದವು. ಮಿಡತಿ ಆರನೆಯದೋ ಏಳನೆಯದೋ ಆಯಿತು. ಯಾರಿಗೂ ಉತ್ಸಾಹ ಇರಲಿಲ್ಲ. ಮರುದಿನ ಮಧ್ಯಾಹ್ನ ಲಾರಿಗೆ ಕಾರು ಹತ್ತಿಸಿ ಊರಿಗೆ ಹೊರಡುವುದಿತ್ತು.

ಮರುದಿನ ಬೆಳಿಗ್ಗೆ ಶಿವದೇವಿ ಕಿಟಕಿ ತೆರೆದರೆ ಹೊರಗೆ ಎಲ್ಲ ಬೆಳ್ಳಗೆ. ರಾತ್ರಿಯಿಡೀ ಬಿದ್ದು, ಇನ್ನೂ ಬೀಳುತ್ತಿತ್ತು. ಗಂಡ ಮಲಗಿದ್ದರು. ಅವಳು ಎಬ್ಬಿಸಲಿಲ್ಲ. ಅಡುಗೆಮನೆಯಿಂದ ಬಿಸಿನೀರು ತಂದು ರೇಡಿಯೇಟರಿಗೆ ಹೊಯ್ದು, ಮಾಡು ಮಡಚಿಟ್ಟು, ಒಬ್ಬಳೇ ಹೊರಟಳು. ಮುಟ್ಟಬೇಕಾದ ಠಾಣೆ ಇರಲಿಲ್ಲ. ಪಕ್ಕದಲ್ಲಿ ಸೆಕೆಂಡು ಎಣಿಸುವವರು ಇರಲಿಲ್ಲ. ಹಿಮ ಅವಳ ಟೋಪಿಯ ಮೇಲೆ, ಪಕ್ಕದ ಖಾಲಿ ಸೀಟಿನ ಮೇಲೆ ಬೀಳುತ್ತಿತ್ತು. ಎಂಜಿನ್ನಿನ ಸದ್ದನ್ನೂ ಹಿಮ ನುಂಗಿಬಿಟ್ಟಿತ್ತು. ಒಂದು ಬಯಲು ಬಂತು, ಬೇಸಿಗೆಯಲ್ಲಿ ಕುರಿ ಮೇಯುವ ಜಾಗ. ಅಲ್ಲಿ ಅವಳು ಬೇಕೆಂದೇ ಸ್ಟಿಯರಿಂಗ್ ತಿರುವಿ ಕಾರನ್ನು ಜಾರಲು ಬಿಟ್ಟಳು. ಅದು ದೊಡ್ಡದೊಂದು ಸೊನ್ನೆ ಬರೆಯಿತು. ಇನ್ನೊಂದು ಬರೆಸಿದಳು. ಆಮೇಲೆ ಎಂಟು. ಆಮೇಲೆ ತನಗೇ ಗೊತ್ತಿಲ್ಲದ ಏನೇನೋ.

"ಎಷ್ಟೊತ್ತು ಆಡಿದಿರಿ?" ಎಂದು ನಾನು ಕೇಳಿದ್ದೆ.

"ಟೈಮ್ ನೋಡವ್ರು ಮಲಗಿದ್ರಲ್ಲರಿ," ಎಂದಳು.

ಎರಡು ಸಾವಿರದ ಎಂಟರಲ್ಲಿ ಮಣಿಕೊಂಡದ ಕಡೆಯ ಎಷ್ಟೋ ಆಫೀಸುಗಳಲ್ಲಿ ಕುರ್ಚಿಗಳು ಖಾಲಿಯಾದವು. ನಿತಿನನ ಕಂಪನಿಯೂ ಬಾಗಿಲು ಹಾಕಿತು. ಅವನು ಪುಣೆಯಲ್ಲಿ ಬೇರೆ ಕೆಲಸ ಹಿಡಿದ. ಮಿಡತಿಯನ್ನು ಮಾರಲೇಬೇಕಾಯಿತು. ಬಂಜಾರಾ ಹಿಲ್ಸಿನ ಒಬ್ಬ ಹೋಟೆಲಿನವನು ಅದನ್ನು ಬಾಗಿಲ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇನೆಂದು ಬಂದ. ನಿತಿನ ಶಿವದೇವಿಯನ್ನು ಕೇಳಿದ. "ನಿಮ್ಮ ಕಾರು, ನಿಮ್ಮ ಮರ್ಜಿ," ಎಂದಳು. ಆಮೇಲೆ ಎರಡು ದಿನ ಗಿರಾಕಿಗಳನ್ನು ಬೈದಳು, ಅತ್ತೆಯ ಚಹಾಕ್ಕೆ ಉಪ್ಪು ಹಾಕಿದಳು. ಬಂಡೆಮ್ಮನೇ ನಿತಿನನಿಗೆ ಫೋನ್ ಮಾಡಿಸಿ, "ಯಪ್ಪಾ, ಆ ಮಿಡತೀನ ಗಾಜಿನಾಗ ಹಾಕಬ್ಯಾಡ. ಇಲ್ಲಿ ನಮ್ಮ ಗತಿ ನೋಡವಲ್ಲಿ," ಎಂದರು.

ನಿತಿನ ಶಿಮ್ಲಾದ ಓಟದವರಿಗೆ ಸುದ್ದಿ ಮುಟ್ಟಿಸಿದ. ಅಲ್ಲಿಯ ಒಬ್ಬರು ನಿವೃತ್ತ ಡಾಕ್ಟರಮ್ಮ ಮುಂದೆ ಬಂದರು. ಒಂಟಿ ಹೆಂಗಸು, ಅರವತ್ತೆರಡು ವರ್ಷ, ಗುಡ್ಡದ ಮೇಲಿನ ಮನೆಯಿಂದ ಪೇಟೆಗೆ ದಿನಾ ಓಡಾಡಲು ಒಂದು ಕಾರು ಬೇಕಿತ್ತು. ನೋಡಲು ಅಲ್ಲ, ಓಡಿಸಲು. ಡಿಸೆಂಬರಿನಲ್ಲಿ ಶಿವದೇವಿಯೇ ಹೋಗಿ ಕಾರು ಒಪ್ಪಿಸಿದಳು. ನಾಲ್ಕು ದಿನ ಅವರ ಮನೆಯಲ್ಲಿದ್ದು, ಬೂಟು ಬಿಡಿಸಿ, ಕಾಲುಚೀಲದಲ್ಲಿ ಪೆಡಲು ಒತ್ತುವುದನ್ನು ಕಲಿಸಿದಳು. ಅವರದು ಗುಡ್ಡದ ಕಡೆಯ ಹಿಂದಿ, ಇವಳದು ಹೈದರಾಬಾದಿ ದಖನಿ. ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯದಿದ್ದರೂ ಜಗಳ ಮಾತ್ರ ಚೆನ್ನಾಗಿ ನಡೆಯಿತಂತೆ, ಅದೂ ಬ್ರೇಕಿನ ವಿಷಯಕ್ಕೆ.

ಈಗ ಪ್ರತಿ ಚಳಿಗಾಲದಲ್ಲಿ, ಮೊದಲ ಹಿಮ ಬಿದ್ದ ವಾರ, ಗ್ಯಾರೇಜಿಗೆ ಫೋನ್ ಬರುತ್ತದೆ. ಒಮ್ಮೆ ನಾನೂ ಅಲ್ಲಿದ್ದೆ. ಡಾಕ್ಟರಮ್ಮ ನಮಸ್ಕಾರ ಸಹ ಹೇಳುವುದಿಲ್ಲ. ಫೋನನ್ನು ನೇರವಾಗಿ ಬಾನೆಟ್ಟಿನೊಳಗೆ ಹಿಡಿಯುತ್ತಾರೆ. ಶಿವದೇವಿ ಕೈಯೆತ್ತಿ ಗ್ಯಾರೇಜಿನವರನ್ನೆಲ್ಲ ಸುಮ್ಮನಿರಿಸಿ, ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರಲ್ಲಿ ಸಾವಿರದ ಐನೂರು ಕಿಲೋಮೀಟರು ಆಚೆಯ ಸದ್ದನ್ನು ಕೇಳುತ್ತಾಳೆ. ಅವತ್ತು ಪೂರಾ ಒಂದು ನಿಮಿಷ ಕೇಳಿದಳು. ಆಮೇಲೆ ಫೋನಿನಲ್ಲಿ ಕೂಗಿ ಹೇಳಿದಳು:

"ಡಾಕ್ಟರಮ್ಮಾ, ದೋ ನಂಬರ್ ಪ್ಲಗ್ ನಿಕಾಲೋ, ಸಾಫ್ ಕರೋ. ಔರ್ ಸುನೋ, ಬ್ರೇಕ್ ಕೂ ಹಾಥ್ ನಕ್ಕೋ ಲಗಾವ್!"

"ಬ್ರೇಕಿಗಿ ಕೈ ಹಚ್ಚಬ್ಯಾಡ ಅನ್ನೂದಲ್ಲ, ಕಾಲು," ಎಂದು ಒಳಗಿನಿಂದ ಶಾಂತಕುಮಾರರು ತಿದ್ದಿದರು.

"ಆಕಿಗಿ ತಿಳೀತೈತಿ, ಸುಮ್ಕ ಕುಂದ್ರಿ," ಎಂದು ಶಿವದೇವಿ ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡಳು.